ಗಿಟಾರ್ ಸೂರಿಗೆ ಬರುತ್ತಿಲ್ಲ, ತಪ್ಪು ನನ್ನ ಕಿವಿಯದೇ?

ಪ್ರಶ್ನೆ: ನಾನು ಸಿಂದಗಿ ತಾಲ್ಲೂಕಿನ ಹಳ್ಳಿಯವನು, ವಯಸ್ಸು 26. ಮುದ್ದೇಬಿಹಾಳ ಕಡೆಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕ. ಅಪ್ಪ ನಮ್ಮೂರ ಹಣಮಪ್ಪನ ಗುಡಿಯ ಭಜನಾ ಮೇಳದಲ್ಲಿ ತಂಬೂರಿ ಹಿಡಿದು ಹಾಡುತ್ತಾರೆ. ಗೌರವಧನದಲ್ಲಿ ಉಳಿಸಿ ಒಂದು ಗಿಟಾರ್ ಕೊಂಡೆ. ಮೊಬೈಲಿನ ಟ್ಯೂನರ್ ನೋಡಿ ಆರೂ ತಂತಿಗೆ ಹಸಿರು ಬರುವ ತನಕ ಸೂರ್ ಹಚ್ಚುತ್ತೇನೆ. ಬಿಟ್ಟ ತಂತಿ ಚೆನ್ನಾಗಿ ಕೇಳುತ್ತದೆ. ಬೆರಳಿಟ್ಟರೆ ಬೇಸೂರು, ಮೇಲಿನ ಮನೆಗಳಿಗೆ ಹೋದಷ್ಟೂ ಹೆಚ್ಚು. ಕಳೆದ ಶ್ರಾವಣದಲ್ಲಿ ಭಜನೆಗೆ ಜೊತೆ ಕೊಡಲು ಕೂತಿದ್ದೆ. ಎರಡು ಪದ ಆಗುವುದರೊಳಗೆ ಹಿರಿಯರೊಬ್ಬರು ‘ತಮ್ಮಾ, ಮೊದಲ ಸೂರ್ ಹಚ್ಚೂದು ಕಲಿ, ಆಮ್ಯಾಲ ಕೂಡಾಕ ಬಾ’ ಅಂದರು. ಕೂತವರು ನಕ್ಕರು. ಅಪ್ಪ ಏನೂ ಅನ್ನಲಿಲ್ಲ. ಅವತ್ತಿನಿಂದ ಗಿಟಾರ್ ಅಟ್ಟದ ಮೇಲಿದೆ. ನನಗೆ ಸ್ವರಜ್ಞಾನವೇ ಇಲ್ಲವೇನೋ. ನೌಕರಿಯೂ ಖಾಯಂ ಇಲ್ಲ, ಕೈ ಹಾಕಿದ್ದೆಲ್ಲ ಹೀಗೇ ಆಗುತ್ತದೆ. ಆ ನಗು ನೆನಪಾಗಿ ರಾತ್ರಿ ನಿದ್ದೆ ಹತ್ತುವುದಿಲ್ಲ. ಗಿಟಾರ್ ಮಾರಿಬಿಡಲೇ?

ಉತ್ತರ: ಗಿಟಾರಿನ ವಿಷಯವನ್ನು ನೀವು ವಿವರವಾಗಿ ಬರೆದಿದ್ದೀರಿ. ಅಪ್ಪನ ವಿಷಯಕ್ಕೆ ಬಂದಾಗ ಮೂರೇ ಶಬ್ದ: ‘ಅಪ್ಪ ಏನೂ ಅನ್ನಲಿಲ್ಲ’, ಅಷ್ಟೇ. ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರುವುದು ಊರವರ ನಗುವಿಗಿಂತ ಆ ಮೌನವೇ ಇರಬೇಕು ಎಂದು ನನಗನಿಸುತ್ತದೆ.

ಸ್ವಂತ ಊರಿನಲ್ಲಿ ಆದ ಅವಮಾನ ಬೇರೆಯ ತರಹದ್ದು. ಗೊತ್ತಿಲ್ಲದ ಊರಿನಲ್ಲಿ ಯಾರಾದರೂ ನಕ್ಕರೆ ಬಸ್ಸು ಹತ್ತಿ ಬಂದುಬಿಡಬಹುದು. ಇಲ್ಲಿ ಹಾಗಲ್ಲ. ನಕ್ಕವರು ಮರುದಿನ ಚಹಾದಂಗಡಿಯಲ್ಲಿ ಸಿಗುತ್ತಾರೆ, ಗುಡಿಯ ಕಟ್ಟೆಯ ಮೇಲೆ ಸಿಗುತ್ತಾರೆ. ಜೊತೆಗೆ ನೀವು ಕೂತಿದ್ದು ಅಪ್ಪನ ಜಾಗದಲ್ಲಿ, ಅಪ್ಪನ ಮೇಳದಲ್ಲಿ, ನಿಮ್ಮ ದುಡಿಮೆಯಿಂದ ಕೊಂಡ ವಾದ್ಯ ಹಿಡಿದು. ನೊಂದದ್ದು ಸಹಜ. ಇಷ್ಟು ಸಣ್ಣ ಮಾತಿಗೆ ಇಷ್ಟೇಕೆ ಕುಗ್ಗಿದೆ ಎಂದು ನಿಮ್ಮನ್ನು ನೀವೇ ಬೈದುಕೊಳ್ಳುವುದು ಬೇಡ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಯೇ ಆಗಲಿ, ಹಾಡಲು ಹೋಗಿ ಒಂದು ಮಾತು ಕೇಳಿ ಮತ್ತೆ ಬಾಯಿ ತೆರೆಯದವರು, ವಾದ್ಯ ಮುಟ್ಟದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರು ಇದನ್ನು ಈಗ ಓದುತ್ತಿರಲೂಬಹುದು.

ಈಗ ನೀವು ಬರೆದದ್ದನ್ನೇ ನಿಧಾನವಾಗಿ ಮತ್ತೊಮ್ಮೆ ಓದಿ. ಬಿಟ್ಟ ತಂತಿ ಸರಿ, ಬೆರಳಿಟ್ಟರೆ ಬೇಸೂರು, ಮೇಲೆ ಹೋದಷ್ಟೂ ಹೆಚ್ಚು ಎಂದಿದ್ದೀರಿ. ಸ್ವರಜ್ಞಾನ ಇಲ್ಲದವರಿಗೆ ಈ ಮೂರು ಬೇರೆಬೇರೆಯಾಗಿ ಕೇಳಿಸುವುದೇ ಇಲ್ಲ. ಗಿಟಾರ್ ರಿಪೇರಿ ಮಾಡುವವರು ವಾದ್ಯ ಕೈಗೆತ್ತಿಕೊಂಡಾಗ ಮೊದಲು ಕೇಳುವುದು ಇವನ್ನೇ. ನೀವು ಕೇಳುವ ಮೊದಲೇ ಉತ್ತರ ಬರೆದಿದ್ದೀರಿ. ನಿಮ್ಮ ಕಿವಿ ಚೆನ್ನಾಗಿದೆ. ಎಳವೆಯಿಂದ ತಂಬೂರಿಯ ಪಕ್ಕ ಕೂತು ಬೆಳೆದ ಕಿವಿ ಅದು, ತಪ್ಪಿದ್ದನ್ನು ತಪ್ಪು ಎಂದೇ ಹೇಳುತ್ತಿದೆ. ಹೊಸ ಚಪ್ಪಲಿ ಕಚ್ಚಿದರೆ ಯಾರೂ ಕಾಲನ್ನು ಬೈಯುವುದಿಲ್ಲ. ನೀವು ಮಾತ್ರ ಇಷ್ಟು ದಿನ ಕಾಲನ್ನೇ ಬೈಯುತ್ತಿದ್ದೀರಿ.

ಹಾಗಾದರೆ ವಾದ್ಯದಲ್ಲಿ ಏನಾಗಿದೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ನಾಚಿಕೆ ಕಡಿಮೆಯಾಗುತ್ತದೆ.

ಗಿಟಾರಿನ ತಂತಿಗೆ ಎರಡು ಆಸರೆ. ತಲೆಯ ಕಡೆ ಸಣ್ಣ ಕಚ್ಚುಗಳಿರುವ ಪಟ್ಟಿ, ಅದಕ್ಕೆ ನಟ್ ಎನ್ನುತ್ತಾರೆ. ಹೊಟ್ಟೆಯ ಕಡೆ ಬ್ರಿಡ್ಜ್, ಅದರ ಮೇಲೆ ತಂತಿ ತಾಗುವ ಬಿಳಿ ಪಟ್ಟಿ ಸ್ಯಾಡಲ್. ನಿಮ್ಮ ಅಪ್ಪನ ತಂಬೂರಿಯಲ್ಲಿ ಕುದುರೆ ಮಾಡುವ ಕೆಲಸವನ್ನೇ ಇಲ್ಲಿ ಬ್ರಿಡ್ಜ್ ಮಾಡುತ್ತದೆ. ವ್ಯತ್ಯಾಸ ಇಷ್ಟೇ: ತಂಬೂರಿಯ ತಂತಿಯನ್ನು ಯಾರೂ ಒತ್ತುವುದಿಲ್ಲ, ಗಿಟಾರಿನದನ್ನು ಒತ್ತಲೇಬೇಕು. ಒತ್ತಿದಾಗ ತಂತಿ ಸ್ವಲ್ಪ ಜಗ್ಗುತ್ತದೆ, ಜಗ್ಗಿದ ತಂತಿ ಏರುತ್ತದೆ. ಲೆಕ್ಕದ ಪ್ರಕಾರ ಹನ್ನೆರಡನೆಯ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತಂತಿಯ ನಟ್ಟನಡುವೆ ಇರಬೇಕು. ಆದರೆ ಲೆಕ್ಕದಷ್ಟೇ ಇಟ್ಟರೆ ಒತ್ತಿದ ಸ್ವರ ಮೇಲಕ್ಕೆ ಹೋಗುತ್ತದೆ. ಅದಕ್ಕೇ ವಾದ್ಯ ಮಾಡುವವರು ಸ್ಯಾಡಲನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ಕೂರಿಸುತ್ತಾರೆ. ದಪ್ಪ ತಂತಿಗೆ ಹೆಚ್ಚು, ತೆಳು ತಂತಿಗೆ ಕಡಿಮೆ. ಗಿಟಾರಿನ ಸ್ಯಾಡಲ್ ಸೊಟ್ಟಗೆ ಕೂತಂತೆ ಕಾಣುವುದು ಇದೇ ಕಾರಣಕ್ಕೆ.

ಶಾಲೆಯಲ್ಲಿ ಅಳತೆಪಟ್ಟಿ ಇದ್ದೇ ಇರುತ್ತದೆ. ನಟ್ಟಿನ ಒಳಅಂಚಿನಿಂದ ಹನ್ನೆರಡನೆಯ ಫ್ರೆಟ್ಟಿನ ತನಕ ಅಳೆಯಿರಿ. ಸಾಮಾನ್ಯ ಅಕೌಸ್ಟಿಕ್ ಗಿಟಾರಿನಲ್ಲಿ ಅದು 324 ಮಿಲಿಮೀಟರ್ ಆಸುಪಾಸು ಬರುತ್ತದೆ. ಬಳಿಕ ಆ ಫ್ರೆಟ್ಟಿನಿಂದ ಸ್ಯಾಡಲ್ಲಿನ ತನಕ ಅಳೆಯಿರಿ. ಎರಡನೆಯ ಅಳತೆ ತೆಳು ತಂತಿಯಲ್ಲಿ ಸುಮಾರು 2, ದಪ್ಪ ತಂತಿಯಲ್ಲಿ 4 ರಿಂದ 5 ಮಿಲಿಮೀಟರ್ ಹೆಚ್ಚಿರಬೇಕು. ಎರಡೂ ಸಮ ಬಂದರೆ, ಅಥವಾ ಎರಡನೆಯದೇ ಕಡಿಮೆ ಬಂದರೆ, ಆ ಗಿಟಾರನ್ನು ಯಾವ ಉಸ್ತಾದರ ಕೈಗೆ ಕೊಟ್ಟರೂ ಮೇಲಿನ ಮನೆಗಳಲ್ಲಿ ಬೇಸೂರೇ.

ಕಿವಿಯಿಂದ ನೋಡುವ ವಿಧಾನ ಇನ್ನೂ ನಂಬಿಕಸ್ಥ. ಹನ್ನೆರಡನೆಯ ಫ್ರೆಟ್ಟಿನ ಸರಿಯಾಗಿ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ, ಮೀಟಿ, ಬೆರಳು ತೆಗೆಯಿರಿ. ಗಂಟೆಯಂಥ ನಾದ ಬರುತ್ತದೆ. ಈಗ ಅಲ್ಲಿಯೇ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗಬೇಕು, ಈ ಹೊಂದಿಕೆಯನ್ನೇ ಇಂಟೊನೇಶನ್ ಎನ್ನುತ್ತಾರೆ. ಒತ್ತಿದ್ದು ಏರಿದ್ದರೆ ತಂತಿಯ ಉದ್ದ ಸಾಲದು, ಸ್ಯಾಡಲ್ಲಿನ ಅಂಚು ಹಿಂದಕ್ಕೆ ಹೋಗಬೇಕು. ಇಳಿದಿದ್ದರೆ ಮುಂದಕ್ಕೆ ಬರಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಸಾಮಾನ್ಯವಾಗಿ ಒಂದೊಂದು ತಂತಿಗೂ ತಿರುಪು ಇರುತ್ತದೆ, ತಿರುಗಿಸಿದರೆ ಆಯಿತು. ಅಕೌಸ್ಟಿಕ್‌ನಲ್ಲಿ ತಿರುಪಿಲ್ಲ, ಸ್ಯಾಡಲ್ಲಿನ ತುದಿಯನ್ನು ಆಯಾ ತಂತಿಯ ಜಾಗದಲ್ಲಿ ಹಿಂದಕ್ಕೋ ಮುಂದಕ್ಕೋ ಬರುವಂತೆ ಅರದಿಂದ ಉಜ್ಜಬೇಕಾಗುತ್ತದೆ.

ಈ ಪರೀಕ್ಷೆಗೆ ಮೊದಲು ತಂತಿ ಬದಲಾಯಿಸಿ. ಇದನ್ನು ಮರೆಯಬೇಡಿ. ಬೆವರು ಕುಡಿದು, ತುಕ್ಕು ಹಿಡಿದು, ಅಲ್ಲಲ್ಲಿ ಸವೆದ ತಂತಿ ಎಷ್ಟೇ ತಿದ್ದಿದರೂ ಸುಳ್ಳನ್ನೇ ಹೇಳುತ್ತದೆ. ಕೆಲವು ನೂರು ರೂಪಾಯಿಯ ಹೊಸ ಸೆಟ್ಟಿನಿಂದಲೇ ಅರ್ಧ ಚಿಂತೆ ಕಳೆದವರಿದ್ದಾರೆ.

ನಟ್ಟಿನ ತೊಂದರೆ ಇನ್ನೊಂದು ತುದಿಯದು. ಮೊದಲ ಎರಡು ಮೂರು ಮನೆಗಳಲ್ಲೇ ಸ್ವರ ಏರುತ್ತಿದ್ದರೆ ನಟ್ಟಿನ ಕಚ್ಚುಗಳು ಆಳ ಸಾಲದೆ ತಂತಿ ಎತ್ತರದಲ್ಲಿ ಕೂತಿದೆ ಎಂದರ್ಥ. ತಂತಿಯನ್ನು ಮೂರನೆಯ ಫ್ರೆಟ್ಟಿಗೆ ಒತ್ತಿ ಹಿಡಿದು, ಮೊದಲ ಫ್ರೆಟ್ಟಿನ ಮೇಲೆ ಎಷ್ಟು ಸಂದು ಉಳಿಯುತ್ತದೆ ನೋಡಿ. ಕೂದಲೆಳೆಯಷ್ಟು ಇದ್ದರೆ ಸರಿ. ಅಲ್ಲಿ ಪೋಸ್ಟ್‌ಕಾರ್ಡು ಸಲೀಸಾಗಿ ತೂರಿದರೆ ನಟ್ ಎತ್ತರವಿದೆ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಇದು ಮಾಮೂಲು. ಬಿಟ್ಟ ತಂತಿ ಜುಂಯ್‌ಗುಟ್ಟಬಾರದೆಂದು ಕಾರ್ಖಾನೆಯಲ್ಲಿ ಎತ್ತರ ಉಳಿಸಿಯೇ ಕಳಿಸುತ್ತಾರೆ, ಇಳಿಸುವ ಕೆಲಸ ಕೊಂಡವರದು. ಎಫ್ ಕಾರ್ಡ್ ಹಿಡಿಯಲಾಗದೆ ಬೆರಳು ಸುಲಿದುಕೊಂಡು, ‘ಇದು ನನ್ನಿಂದಾಗದು’ ಎಂದು ಬಿಟ್ಟ ಎಷ್ಟೋ ಮಕ್ಕಳಿಗೆ ಯಾರೂ ಈ ಮಾತು ಹೇಳಿರುವುದಿಲ್ಲ. ನನಗೆ ನಿಜಕ್ಕೂ ಸಂಕಟವಾಗುವ ವಿಷಯ ಇದು.

ಒಂದು ಎಚ್ಚರಿಕೆ. ನಟ್ಟಿಗೆ ಬ್ಲೇಡು, ಹ್ಯಾಕ್ಸಾ ಹಾಕಬೇಡಿ. ಒಂದು ಉಜ್ಜು ಹೆಚ್ಚಾದರೆ ಬಿಟ್ಟ ತಂತಿ ಫ್ರೆಟ್ಟಿಗೆ ತಾಗಿ ಬಡಿದುಕೊಳ್ಳುತ್ತದೆ, ಆಮೇಲೆ ನಟ್ಟನ್ನೇ ಬದಲಾಯಿಸಬೇಕು. ಒಂದೊಂದು ತಂತಿಯ ದಪ್ಪಕ್ಕೂ ಬೇರೆ ಬೇರೆ ಅರ ಇರುತ್ತದೆ. ವಿಜಯಪುರ, ಸೋಲಾಪುರ, ಹುಬ್ಬಳ್ಳಿ, ಧಾರವಾಡದಂಥ ಊರಿಗೆ ಹೋದಾಗ ವಾದ್ಯದಂಗಡಿಯಲ್ಲಿ ವಿಚಾರಿಸಿ: ‘ನಟ್ ಕಚ್ಚಿನ ಅರ ಇದೆಯೇ, ಸ್ಯಾಡಲ್ ಉಜ್ಜಿ ಇಂಟೊನೇಶನ್ ಸರಿ ಮಾಡುತ್ತೀರಾ?’ ಹೌದು ಎಂದವರ ಕೈಗೆ ಮಾತ್ರ ಕೊಡಿ. ಕತ್ತಿನೊಳಗಿನ ಕಬ್ಬಿಣದ ಸಲಾಕೆಯನ್ನು ತಿರುಗಿಸುವ ಕೆಲಸವನ್ನೂ ಅವರಿಗೇ ಬಿಡಿ. ನೀವಾಗಿ ಮಾಡಬಹುದಾದದ್ದು ಒಂದಿದೆ: ಸೂರ್ ಹಚ್ಚುವಾಗ ನಟ್ಟಿನಲ್ಲಿ ‘ಟಿಣ್’ ಎಂದು ತಂತಿ ಸಿಕ್ಕಿಕೊಂಡು ಜಿಗಿಯುತ್ತಿದ್ದರೆ, ಕಚ್ಚಿನಲ್ಲಿ ಪೆನ್ಸಿಲ್ಲಿನ ಮೊನೆ ತಿಕ್ಕಿ. ಗ್ರಾಫೈಟ್ ಪುಡಿಯಿಂದ ತಂತಿ ಸರಾಗವಾಗಿ ಜಾರುತ್ತದೆ.

ಹಾಗೆಯೇ ಅಟ್ಟದಿಂದ ಗಿಟಾರನ್ನು ಇವತ್ತೇ ಕೆಳಗಿಳಿಸಿ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಟ್ಟದ ಒಣ ಕಾವಿಗೆ ಕಟ್ಟಿಗೆ ಕುಗ್ಗುತ್ತದೆ, ಬ್ರಿಡ್ಜಿನ ಅಂಟು ಸಡಿಲಾಗುತ್ತದೆ, ಕತ್ತು ಬಾಗುತ್ತದೆ. ವಿಜಯಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ವಾದ್ಯವನ್ನು ಮನೆಯ ಮನುಷ್ಯನಂತೆ ಕಂಡ ನೆಲ ಇದು. ನಿಮ್ಮ ಗಿಟಾರಿಗೂ ಗೋಡೆಯ ನೆರಳಿನಲ್ಲಿ ಒಂದು ಜಾಗ ಕೊಡಿ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂದು ಸ್ವರ ನಿಮಗೆ ಚುಚ್ಚುತ್ತಲೇ ಇರಬಹುದು. ಗಾಂಧಾರ. ಅದಕ್ಕೆ ನಿಮ್ಮನ್ನು ಈಗಲೇ ಸಿದ್ಧಪಡಿಸುತ್ತೇನೆ, ಇಲ್ಲವಾದರೆ ಮತ್ತೆ ಕಿವಿಯನ್ನೇ ಅನುಮಾನಿಸುತ್ತೀರಿ. ಷಡ್ಜ ಸೆಕೆಂಡಿಗೆ 240 ಕಂಪನದ್ದು ಎಂದು ಇಟ್ಟುಕೊಂಡರೆ, ತಂಬೂರಿಯ ನಾದದೊಳಗಿಂದ ತಾನಾಗಿ ಕೇಳಿಬರುವ ಶುದ್ಧ ಗಾಂಧಾರ 300. ಗಿಟಾರಿನ ಫ್ರೆಟ್ ಕೊಡುವುದು ಸುಮಾರು 302.4. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಫ್ರೆಟ್ ಹೊಡೆಯುವುದರಿಂದ ಹೀಗಾಗುತ್ತದೆ. ಪಂಚಮಕ್ಕೆ ಈ ತೊಂದರೆ ಇಲ್ಲವೆಂದೇ ಹೇಳಬಹುದು, 360 ಇರಬೇಕಾದಲ್ಲಿ 359.6 ಬರುತ್ತದೆ. ಭಜನೆಯ ಪೇಟಿಯಲ್ಲೂ (ಹಾರ್ಮೋನಿಯಂ) ಸಾಮಾನ್ಯವಾಗಿ ಇದೇ ಸಮಪಾಲಿನ ಹೊಂದಿಕೆ ಇರುತ್ತದೆ. ನಮ್ಮ ಗಡಿಯಾಚೆಯ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳ ಬಗ್ಗೆ 1910ರಲ್ಲಿ ಪುಸ್ತಕ ಬರೆದರು, ಆ ಕಾಲದಲ್ಲಿ ಶ್ರುತಿಗಳಿಗೆ ಹೊಂದುವ ಪೇಟಿಯನ್ನೇ ಕಟ್ಟುವ ಪ್ರಯತ್ನ ನಡೆಯಿತು. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟು ಮೂರು ದಶಕ ಹಾಗೆಯೇ ನಡೆಸಿತು. ದೊಡ್ಡ ದೊಡ್ಡವರಿಗೆ ಚುಚ್ಚಿದ್ದೇ ನಿಮಗೂ ಚುಚ್ಚುತ್ತಿದೆ. ನಟ್, ಬ್ರಿಡ್ಜ್ ಎಷ್ಟು ತಿದ್ದಿದರೂ ಇದು ಪೂರ್ತಿ ಹೋಗದು, ಹೋಗಲಿಲ್ಲವೆಂದು ಕೊರಗುವುದೂ ಬೇಡ. ಭಜನೆಯಲ್ಲಿ ಗಿಟಾರಿನ ಮೇಲೆ ಷಡ್ಜ, ಪಂಚಮ ಎರಡನ್ನೇ ತಂಬೂರಿಯ ಹಾಗೆ ಮೀಟುತ್ತಾ ಹೋಗಿ, ಗಾಂಧಾರವನ್ನು ಹಾಡುವವರ ಗಂಟಲಿಗೆ ಬಿಡಿ. ಮೇಳಕ್ಕೂ ಅದು ಹೊಂದುತ್ತದೆ.

ಅವತ್ತು ಗುಡಿಯಲ್ಲಿ ನಡೆದದ್ದಕ್ಕೆ ಇನ್ನೂ ಎರಡು ಕಾರಣ ಇದ್ದಿರಬಹುದು. ನೀವು ಮೊಬೈಲು ನೋಡಿ ಸೂರ್ ಹಚ್ಚಿದ್ದಿರಿ. ಅದು ‘ಎ’ ಸ್ವರವನ್ನು 440ಕ್ಕೆ ಹಿಡಿಯುತ್ತದೆ. ಗುಡಿಯ ಪೇಟಿ ಹಳೆಯದಾಗಿದ್ದರೆ ಅದರ ರೀಡುಗಳು ಅಷ್ಟಕ್ಕೇ ನಿಂತಿರುವುದಿಲ್ಲ, ಅಪ್ಪನ ತಂಬೂರಿ ಆ ಪೇಟಿಗೆ ಸೇರಿರುತ್ತದೆ. ಮೇಳಕ್ಕೆ ಕೂರುವಾಗ ಮೊಬೈಲನ್ನು ಕಿಸೆಯಲ್ಲಿಟ್ಟು ಪೇಟಿಯ ಮನೆ ಕೇಳಿ, ಅದಕ್ಕೆ ಗಿಟಾರ್ ಕೂಡಿಸಿ. ಇನ್ನೊಂದು, ಅಂಜಿಕೆ. ಮಂದಿಯ ಮುಂದೆ ಕೂತಾಗ ಕೈ ಬಿಗಿಯುತ್ತದೆ, ಬಿಗಿದ ಕೈ ತಂತಿಯನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತುತ್ತದೆ, ಸ್ವರ ಏರುತ್ತದೆ. ಮನೆಯಲ್ಲಿ ಒಂದು ಸ್ವರವನ್ನು ಹಿಡಿದು, ಬೆರಳಿನ ಭಾರ ಸ್ವಲ್ಪಸ್ವಲ್ಪವೇ ಇಳಿಸುತ್ತಾ, ನಾದ ಕೆಡುವ ಹಂತದವರೆಗೆ ಹೋಗಿ ನೋಡಿ. ಎಷ್ಟು ಕಡಿಮೆ ಬಲ ಸಾಕು ಎಂಬುದು ಕೈಗೆ ಗೊತ್ತಾಗುತ್ತದೆ. ಇದು ಅಂಜಿಕೆಗೂ ಮದ್ದು.

ಇನ್ನು ಅಪ್ಪನ ಮಾತು. ಅವರೇಕೆ ಸುಮ್ಮನಿದ್ದರು? ನಾಚಿಕೆಯಿಂದ ಎಂದು ನೀವು ತೀರ್ಮಾನಿಸಿದಂತಿದೆ. ಇರಬಹುದು, ಆದರೆ ಬೇರೆ ಕಾರಣಗಳೂ ಇರಬಹುದಲ್ಲ? ಮೇಳದ ಹಿರಿಯರಿಗೆ ಎಲ್ಲರ ಎದುರು ಎದುರಾಡುವುದು ನಮ್ಮ ಕಡೆ ರೂಢಿಯಲ್ಲ. ಮಗನ ವಾದ್ಯ ಅವರಿಗೆ ಹೊಸದು, ಅದರ ಬಗ್ಗೆ ಏನು ಹೇಳಬೇಕೋ ತಿಳಿದಿರಲಿಕ್ಕಿಲ್ಲ. ನಮ್ಮ ಎಷ್ಟೋ ಅಪ್ಪಂದಿರು ಪ್ರೀತಿಯನ್ನೂ ಸಂಕಟವನ್ನೂ ಮಾತಿನಲ್ಲಿ ಹೇಳುವುದನ್ನು ಕಲಿತವರೇ ಅಲ್ಲ. ಊಹೆ ಮಾಡುತ್ತಾ ಕೂರುವುದಕ್ಕಿಂತ ಕೇಳುವುದು ಒಳ್ಳೆಯದು. ಆದರೆ ‘ಅವತ್ತು ಯಾಕ ಸುಮ್ಮನಿದ್ದಿ’ ಎಂದು ನೇರ ಶುರು ಮಾಡಬೇಡಿ, ಅದು ದೂರಿನ ಹಾಗೆ ಕೇಳುತ್ತದೆ.

ತಂಬೂರಿಯಿಂದ ಶುರು ಮಾಡಿ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇರುತ್ತದೆ. ಅದನ್ನು ಕೂದಲಿನಷ್ಟು ಆಚೀಚೆ ಸರಿಸಿದರೆ ನಾದ ಅರಳುತ್ತದೆ, ಜವಾರಿ ಕೂಡುತ್ತದೆ. ತಪ್ಪಿದರೆ ತಂತಿ ಸಪ್ಪೆಯಾಗುತ್ತದೆ. ಕುದುರೆಯ ಮೈ ಸವೆದರೆ ಮತ್ತೆ ಉಜ್ಜಿಸಬೇಕಾಗುತ್ತದೆ. ಮಿರಜದ ಸಿತಾರ ಮಾಡುವ ಮನೆತನಗಳು ತಲೆಮಾರುಗಳಿಂದ ಈ ಕೆಲಸ ಮಾಡುತ್ತ ಬಂದಿವೆ. ಪಂಢರಪುರ, ಮಂಗಳವೇಢೆ ಸೀಮೆಯ ಸೋರೆಬುರುಡೆಯಿಂದ ಕಟ್ಟುವ ಅಲ್ಲಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಕುದುರೆ ಒಂದು ಎಳೆಯಷ್ಟು ತಪ್ಪಿದರೆ ಒಳ್ಳೆಯ ಗಾಯಕನೂ ಕೆಡುತ್ತಾನೆ ಎಂಬುದು ನಿಮ್ಮ ಅಪ್ಪನಿಗೆ ನನಗಿಂತ, ನಿಮಗಿಂತ ಚೆನ್ನಾಗಿ ಗೊತ್ತು. ಒಂದು ಸಂಜೆ ಗಿಟಾರ್ ಅವರ ಮುಂದಿಟ್ಟು, ‘ಅಪ್ಪಾ, ಇದರ ಕುದರಿ ಸರಿ ಕುಂತಿಲ್ಲ ಅನಸ್ತದ. ನೀ ಒಮ್ಮೆ ಕೇಳಿ ಹೇಳು’ ಅನ್ನಿ. ಹನ್ನೆರಡನೆಯ ಫ್ರೆಟ್ಟಿನ ಪರೀಕ್ಷೆಯನ್ನು ಅವರ ಕಿವಿಯಿಂದ ಮಾಡಿಸಿ. ಮಾತು ಅಲ್ಲಿಂದ ಎಲ್ಲಿಗೆ ಹೋಗುತ್ತದೆಯೋ ಹೋಗಲಿ. ಅವತ್ತಿನ ರಾತ್ರಿಯ ವಿಷಯ ತಾನಾಗಿ ಬಂದರೆ, ‘ನನಗೆ ಬಹಳ ಕೆಟ್ಟ ಅನಿಸಿತ್ತು’ ಎಂದು ಒಂದೇ ಮಾತಿನಲ್ಲಿ ಹೇಳಿ. ಬಾರದಿದ್ದರೆ ಇನ್ನೊಂದು ದಿನಕ್ಕೆ ಇಡಿ.

ಆ ಹಿರಿಯರ ಮೇಲೂ ಹಗೆ ಬೇಡ. ಮಾತು ಒರಟಾಗಿತ್ತು, ಮಂದಿಯ ಎದುರು ಆಡಬಾರದಿತ್ತು. ಆದರೂ ಅವರ ಮಾತಿನ ಕೊನೆ ‘ಆಮ್ಯಾಲ ಕೂಡಾಕ ಬಾ’ ಎಂದಿತ್ತು. ಬಾಗಿಲು ಮುಚ್ಚಿದವರು ಹಾಗೆ ಹೇಳುವುದಿಲ್ಲ.

‘ಕೈ ಹಾಕಿದ್ದೆಲ್ಲ ಹೀಗೇ’ ಎಂದು ಬರೆದಿದ್ದೀರಲ್ಲ, ಅದರ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಅತಿಥಿ ಶಿಕ್ಷಕರ ಹುದ್ದೆ ವರ್ಷವರ್ಷಕ್ಕೂ ಅನಿಶ್ಚಿತವಾಗಿರುವುದು ಆ ವ್ಯವಸ್ಥೆಯಿಂದ. ಗಿಟಾರ್ ಬೇಸೂರಾಗಿದ್ದು ಬಹುಮಟ್ಟಿಗೆ ಸ್ಯಾಡಲ್ಲಿನಿಂದ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಅದಕ್ಕೆ ನಿಮ್ಮ ಹೆಸರಿಡುವುದು ನ್ಯಾಯವಲ್ಲ. ಮನಸ್ಸು ದಣಿದಾಗ ಹೀಗೆ ಗಂಟು ಕಟ್ಟುತ್ತದೆ, ಅದು ಎಲ್ಲರಿಗೂ ಆಗುತ್ತದೆ. ಆದರೆ ನಿದ್ದೆ ಕೆಟ್ಟು, ಊಟ ರುಚಿಸದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಎರಡು ವಾರಕ್ಕಿಂತ ಹೆಚ್ಚಾಗಿದ್ದರೆ, ಅಥವಾ ಬದುಕೇ ಬೇಡವೆನಿಸುವ ಯೋಚನೆ ಒಮ್ಮೆ ಬಂದಿದ್ದರೂ ಸರಿ, ಒಬ್ಬರೇ ಹೊರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು. ಕಿವಿಯ ಬಗ್ಗೆ ನಿಜವಾಗಿಯೂ ಅನುಮಾನವಿದ್ದರೆ, ಅಂದರೆ ಒಂದು ಕಿವಿಗೆ ಒಂದು ತರಹ, ಇನ್ನೊಂದಕ್ಕೆ ಇನ್ನೊಂದು ತರಹ ಕೇಳುವುದು, ಸದಾ ಗುಂಯ್‌ಗುಡುವುದು ಇದ್ದರೆ, ಕಿವಿ ಮೂಗು ಗಂಟಲಿನ ವೈದ್ಯರಿಂದ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ನೀವು ಬರೆದದ್ದು ನೋಡಿದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಮಕ್ಕಳಿಗೆ ಗಿಟಾರ್ ಕೊಡಿಸಲು ಹೊರಟಿರುವ ತಾಯಿತಂದೆಯರಿಗೂ ಒಂದು ಮಾತು. ಅಂಗಡಿಯಲ್ಲಿ ಬಣ್ಣ ನೋಡಿ ಆರಿಸುವ ಮೊದಲು ಹನ್ನೆರಡನೆಯ ಫ್ರೆಟ್ಟಿನ ಪರೀಕ್ಷೆ ಮಾಡಿಸಿ ನೋಡಿ, ನಟ್ ಇಳಿಸಿಕೊಡಿ ಎಂದು ಕೇಳಿ. ಮಗು ಮೂರು ತಿಂಗಳಿಗೆ ವಾದ್ಯ ಬಿಟ್ಟರೆ ಸೋಮಾರಿ ಎನ್ನುವ ಮೊದಲು ತಂತಿಯ ಎತ್ತರ ನೋಡಿ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಎರಡು, ಎರಡೂವರೆ ಮಿಲಿಮೀಟರಿಗಿಂತ ತುಂಬಾ ಹೆಚ್ಚಿದ್ದರೆ ಆ ಎಳೆಯ ಬೆರಳುಗಳು ಪಟ್ಟ ಕಷ್ಟ ನಿಮಗೆ ಅರ್ಥವಾಗುತ್ತದೆ.

ಗಿಟಾರ್ ಮಾರಲೇ ಎಂದು ಕೇಳಿದ್ದೀರಿ. ಈಗ ಬೇಡ. ಹೊಸ ತಂತಿ ಹಾಕಿ, ನಟ್ ಮತ್ತು ಸ್ಯಾಡಲ್ ಸರಿ ಮಾಡಿಸಿ, ಅಪ್ಪನ ಜೊತೆ ಆ ಸಂಜೆ ಕೂತಾದ ಮೇಲೆ ಒಂದು ತಿಂಗಳು ನುಡಿಸಿ ನೋಡಿ. ಆಮೇಲೂ ಮನಸ್ಸು ಒಪ್ಪದಿದ್ದರೆ ನಿಶ್ಚಿಂತೆಯಿಂದ ಮಾರಿ, ಅದರಲ್ಲಿ ಸೋಲೇನೂ ಇಲ್ಲ. ಕೊಂಡವರಿಗೆ ಸರಿ ಮಾಡಿಸಿದ ವಾದ್ಯವಾದರೂ ಸಿಗುತ್ತದೆ. ನುಡಿಸಬೇಕೆನಿಸಿದರೆ ಮುಂದಿನ ಶ್ರಾವಣದ ವರೆಗೂ ಕಾಯಬೇಕಿಲ್ಲ. ವಾರದ ಭಜನೆಗೆ ಹೋಗಿ, ಪೇಟಿಯವರ ಪಕ್ಕ ಕೂತು, ಷಡ್ಜ ಪಂಚಮ ಹಿಡಿಯಿರಿ.